ಗೇಟಿನ ಒಳಗೋ ಹೊರಗೋ: ಹಾಸನದ ಕ್ಯಾಂಪಸ್‌ಗಳಲ್ಲಿ ಸಭೆ, ಭಾಷಣ, ಸ್ಟಾಲು, ಚಂದಾ ಯಾವುದಕ್ಕೆ ಯಾವ ಜಾಗ

ಹಾಸನದಲ್ಲಿ ನಾಲ್ಕು ಜನ ವಿದ್ಯಾರ್ಥಿಗಳ ಮುಂದೆ ಒಂದು ಮಾತು ಆಡಬೇಕು, ಕರಪತ್ರ ಹಂಚಬೇಕು, ಪುಸ್ತಕದ ಮೇಜು ಹಾಕಬೇಕು ಎಂದುಕೊಂಡವರು ಸಾಮಾನ್ಯವಾಗಿ ಜಾಗವನ್ನು ಮೊದಲು ಗೊತ್ತು ಮಾಡುತ್ತಾರೆ, ಆಮೇಲೆ ಅನುಮತಿಗೆ ಓಡಾಡುತ್ತಾರೆ. ಕೆಲಸ ಕೆಡುವುದು ಅಲ್ಲೇ. ಆಹ್ವಾನ ಪತ್ರಿಕೆ ಅಚ್ಚಾಗಿರುತ್ತದೆ, ಭಾಷಣಕಾರರು ಬಸ್ ಹತ್ತಿರುತ್ತಾರೆ, ಆಗ ಗೇಟಿನಲ್ಲಿ ಸೆಕ್ಯುರಿಟಿಯವರು ‘ನಿಮ್ಮ ಲೆಟರ್ ಎಲ್ಲಿ?’ ಎನ್ನುತ್ತಾರೆ. ಮೊದಲು ಕೇಳಿಕೊಳ್ಳಬೇಕಾದದ್ದು ಎರಡೇ ಪ್ರಶ್ನೆ: ಈ ನೆಲದ ಮೇಲೆ ಯಾರ ಮಾತು ನಡೆಯುತ್ತದೆ? ನಮಗೆ ಮೈಕು ಬೇಕೇ ಬೇಕೇ? ಈ ಎರಡಕ್ಕೆ ಉತ್ತರ ಸಿಕ್ಕರೆ ಎಲ್ಲಿ, ಯಾವಾಗ, ಯಾರಿಗೆ ಅರ್ಜಿ ಎಂಬುದು ತಾನಾಗಿ ತೀರ್ಮಾನವಾಗುತ್ತದೆ.

ಗೇಟಿನ ಗೆರೆ ಬರೀ ಕಬ್ಬಿಣದ್ದಲ್ಲ, ಕಾನೂನಿನದ್ದೂ ಹೌದು. ಶಾಂತಿಯುತವಾಗಿ, ಶಸ್ತ್ರವಿಲ್ಲದೆ ಸೇರುವ ಹಕ್ಕನ್ನು ಸಂವಿಧಾನದ 19ನೇ ವಿಧಿ ಕೊಟ್ಟಿದೆ. ಆದರೆ ಆ ಹಕ್ಕು ಇನ್ನೊಬ್ಬರ ಆವರಣದೊಳಗೆ ಸಭೆ ನಡೆಸುವ ಹಕ್ಕಾಗುವುದಿಲ್ಲ, ಆ ಆವರಣ ಸರ್ಕಾರದ್ದಾದರೂ ಅಷ್ಟೇ. 1969ರಲ್ಲಿ ರೈಲ್ವೆ ನೌಕರರ ಸಭೆಗಳ ವಿಷಯದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ. ಸಾರ್ವಜನಿಕ ರಸ್ತೆಯ ಲೆಕ್ಕ ಬೇರೆ. 1972ರಲ್ಲಿ ಹಿಮ್ಮತ್ ಲಾಲ್ ಪ್ರಕರಣದಲ್ಲಿ, ಅಹಮದಾಬಾದಿನ ಬೀದಿ ಸಭೆಯ ಸಂಬಂಧ, ಪೊಲೀಸರು ಸಭೆಯನ್ನು ನಿಯಂತ್ರಿಸಬಹುದೇ ಹೊರತು ಮನಸ್ಸಿಗೆ ಬಂದಂತೆ ಬೇಡವೆನ್ನುವ ಅಧಿಕಾರ ಅವರಿಗಿರಕೂಡದು ಎಂದು ಐವರು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು. ಹಾಗಾಗಿ ಗೇಟಿನ ಒಳಗೆ ನೀವು ಕೇಳುವುದು ಒಪ್ಪಿಗೆಯನ್ನು, ಹೊರಗೆ ಕೇಳುವುದು ಹಕ್ಕನ್ನು ಬಳಸುವ ರೀತಿ ನೀತಿಯನ್ನು. ಎರಡೂ ಕಡೆ ಅರ್ಜಿಯ ಭಾಷೆ ಬೇರೆಯಾಗುವುದು ಇದೇ ಕಾರಣಕ್ಕೆ.

ಯಾರ ನೆಲ, ಯಾರಿಗೆ ಅರ್ಜಿ

ಒಂದೇ ಊರಾದರೂ ಹಾಸನದ ಕ್ಯಾಂಪಸ್‌ಗಳಿಗೆ ಒಂದೊಂದಕ್ಕೆ ಒಬ್ಬೊಬ್ಬ ಯಜಮಾನ. ಹೇಮಗಂಗೋತ್ರಿಯಲ್ಲಿ ಮೈಸೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಿತ್ತು, ಈಗ ಹಾಸನ ವಿಶ್ವವಿದ್ಯಾಲಯ. ಅಲ್ಲಿ ಅರ್ಜಿ ಕುಲಸಚಿವರ ಹೆಸರಿಗೆ. ಹಳೆಯ ಅರ್ಜಿಯ ನಕಲು ಇಟ್ಟುಕೊಂಡು ‘ನಿರ್ದೇಶಕರು, ಸ್ನಾತಕೋತ್ತರ ಕೇಂದ್ರ’ ಎಂದು ಬರೆದರೆ ಕಡತ ಟಪಾಲಿನಲ್ಲೇ ಸುತ್ತುತ್ತದೆ. ಸರ್ಕಾರಿ ಕಲಾ ಕಾಲೇಜು, ಸರ್ಕಾರಿ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಪ್ರಾಂಶುಪಾಲರು. 1960ರಲ್ಲಿ ಶುರುವಾದ ಮಲೆನಾಡು ಎಂಜಿನಿಯರಿಂಗ್ ಕಾಲೇಜಿನಲ್ಲಿ ಪ್ರಾಂಶುಪಾಲರ ಜೊತೆಗೆ ಆಡಳಿತ ಮಂಡಳಿಯೂ ಇದೆ. ಕಾರೇಕೆರೆಯ ಕೃಷಿ ಕಾಲೇಜು ಕೃಷಿ ವಿಶ್ವವಿದ್ಯಾಲಯಕ್ಕೆ ಸೇರಿದ್ದು, ಪಶುವೈದ್ಯಕೀಯ ಕಾಲೇಜು ಬೀದರ್‌ನ ಪಶು ವಿಶ್ವವಿದ್ಯಾಲಯಕ್ಕೆ. ಇಲ್ಲಿ ಡೀನ್ ಅವರ ಮಾತು ನಡೆಯುತ್ತದೆ. ದೊಡ್ಡ ಕಾರ್ಯಕ್ರಮವಾದರೆ ಅವರು ಮೇಲಿನವರನ್ನು ಕೇಳಬೇಕಾಗುತ್ತದೆ, ಅದಕ್ಕೆ ಒಂದು ವಾರ ಹೆಚ್ಚು ಇಟ್ಟುಕೊಳ್ಳಿ. ಹಿಮ್ಸ್, ಅಂದರೆ ಹಾಸನದ ವೈದ್ಯಕೀಯ ಕಾಲೇಜು, ಆಸ್ಪತ್ರೆಗೆ ಅಂಟಿಕೊಂಡಿರುವ ಸಂಸ್ಥೆ. ಅಲ್ಲಿ ಬಯಲಿನಲ್ಲಿ ಮೈಕು ಹಿಡಿಯುವ ಯೋಚನೆಯನ್ನೇ ಬಿಡುವುದು ಒಳ್ಳೆಯದು. ರೋಗಿಗಳಿರುವ ಕಡೆ ಅದು ಅನುಮತಿಯ ಪ್ರಶ್ನೆಯೂ ಅಲ್ಲ, ನಡತೆಯ ಪ್ರಶ್ನೆ.

ವಿಭಾಗದ ಮುಖ್ಯಸ್ಥರು ‘ಮಾಡಿ, ತೊಂದರೆ ಇಲ್ಲ’ ಎಂದರೆ ಅವರ ತರಗತಿ, ಅವರ ಸೆಮಿನಾರ್ ಕೊಠಡಿಗೆ ಅಷ್ಟು ಸಾಕು. ಹೊರಗಿನ ಜನ ಬರುವುದಾದರೆ, ಬಯಲು ಬಳಸುವುದಾದರೆ, ಹಣ ಓಡಾಡುವುದಾದರೆ ಸಾಲದು. ಬಾಯಿ ಮಾತಿನ ಒಪ್ಪಿಗೆ ಕೊಟ್ಟವರು ಆ ದಿನ ರಜೆಯಲ್ಲಿದ್ದರೆ ನಿಮ್ಮ ಕೈಯಲ್ಲಿ ಏನೂ ಉಳಿಯುವುದಿಲ್ಲ.

ನಾಲ್ಕು ಜಾಗ, ನಾಲ್ಕು ಗುಣ

ಮುಚ್ಚಿದ ಸಭಾಂಗಣ. ವಿಚಾರ ಹೇಳಬೇಕು, ಪ್ರಶ್ನೆ ಕೇಳಿಸಿಕೊಳ್ಳಬೇಕು ಎಂದಿದ್ದರೆ ಇದಕ್ಕೆ ಸಾಟಿಯಿಲ್ಲ. ಮಳೆಯ ಹೆದರಿಕೆ ಇಲ್ಲ, ದನಿ ಹೊರಗೆ ಹೋಗುವುದಿಲ್ಲ, ಎಷ್ಟು ಜನ ಎನ್ನುವುದು ಕುರ್ಚಿಯಲ್ಲೇ ಗೊತ್ತಾಗುತ್ತದೆ. ರಾತ್ರಿ 10ರ ನಂತರ ಧ್ವನಿವರ್ಧಕ ಬಳಸಬಾರದೆಂಬ ನಿಯಮವೂ ಮುಚ್ಚಿದ ಸಭಾಂಗಣದೊಳಗಿನ ಬಳಕೆಗೆ ವಿನಾಯಿತಿ ಕೊಡುತ್ತದೆ. ಆದರೆ ಹಾಸ್ಟೆಲಿನ ಬಾಗಿಲು ಅಷ್ಟು ಹೊತ್ತು ತೆರೆದಿರುವುದಿಲ್ಲವಾದ್ದರಿಂದ ಕ್ಯಾಂಪಸ್‌ನಲ್ಲಿ ಅದರಿಂದ ಲಾಭ ಕಡಿಮೆ. ತೊಡಕೂ ಇದೆ: ಪರೀಕ್ಷೆ, ಸಿಬ್ಬಂದಿ ತರಬೇತಿ, ಚುನಾವಣಾ ಕೆಲಸ ಬಂದರೆ ನಿಮ್ಮ ದಿನಾಂಕ ಕೈತಪ್ಪುತ್ತದೆ. ಅರ್ಜಿಯಲ್ಲಿ ಒಂದರ ಬದಲು ಎರಡು ದಿನಾಂಕ ಕೊಟ್ಟಿರಿ. ಇನ್ನೊಂದು, ಸಭಾಂಗಣದಲ್ಲಿ 200 ಕುರ್ಚಿಯಿದ್ದರೆ 200 ಜನರಿಗೆ ಮಾತ್ರ ಪ್ರವೇಶ. ಗೋಡೆಗೆ ಒರಗಿ ನಿಲ್ಲುವವರು, ಬಾಗಿಲಿಗೆ ಅಡ್ಡ ಕೂರುವವರು ಹೆಚ್ಚಾದ ಕೂಡಲೇ ಕಾರ್ಯಕ್ರಮ ನಿಲ್ಲಿಸಲು ಆಡಳಿತಕ್ಕೆ ನ್ಯಾಯವಾದ ಕಾರಣ ಸಿಗುತ್ತದೆ.

ಕ್ಯಾಂಪಸ್ ಒಳಗಿನ ಬಯಲು. ನೋಡಲು ಸುಲಭ, ನಡೆಸಲು ಕಷ್ಟ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಾಸನದಲ್ಲಿ ಬಯಲು ಸಭೆಯ ಸಾಹಸ ಬೇಡ. ಸಕಲೇಶಪುರ, ಮೂಡಿಗೆರೆ, ಚಿಕ್ಕಮಗಳೂರಿನ ಕಡೆಯಾದರೆ ಅಕ್ಟೋಬರ್ ಕಳೆಯುವವರೆಗೂ ಬೇಡ. ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನ 3ರ ಮೇಲೆ ಗುಡುಗು ಮಳೆ ಬರುವ ಸಂಭವ ಹೆಚ್ಚು, ಬೆಳಿಗ್ಗೆ 10ಕ್ಕೆ ಶುರು ಮಾಡಿ 12:30ಕ್ಕೆ ಮುಗಿಸಿ. 15 ಅಡಿಗೆ 15 ಅಡಿಯ ಒಂದು ಶಾಮಿಯಾನ ತುಂಡಿನ ಕೆಳಗೆ ನಡೆದಾಡಲು ದಾರಿ ಬಿಟ್ಟರೆ 20ರಿಂದ 22 ಕುರ್ಚಿ ಹಿಡಿಯುತ್ತವೆ. 150 ಜನರಿಗೆ ಏಳು ತುಂಡು ಬೇಕು, ವೇದಿಕೆಗೆ ಇನ್ನೊಂದು. ವಿದ್ಯುತ್ತು ಎಲ್ಲಿಂದ ಎಂಬುದನ್ನು ಅರ್ಜಿಯಲ್ಲೇ ಬರೆಯಿರಿ. ತರಗತಿಯ ಪ್ಲಗ್ಗಿನಿಂದ ಕಿಟಕಿಯ ಮೂಲಕ ವೈರ್ ಎಳೆಯುವುದು ಎಲ್ಲಕ್ಕಿಂತ ಸಾಮಾನ್ಯವಾದ ತಪ್ಪು. ಒದ್ದೆ ಹುಲ್ಲಿನ ಮೇಲೆ ಜೋಡಣೆ ಬಿಚ್ಚಿದ ವೈರ್ ಬಿದ್ದರೆ ಪ್ರಾಣಕ್ಕೇ ಕುತ್ತು. ಹಾಸನದಲ್ಲಿ ತಾತ್ಕಾಲಿಕ ಸಂಪರ್ಕ ಕೊಡುವುದು ಸೆಸ್ಕ್, ಚಿಕ್ಕಮಗಳೂರಿನಲ್ಲಿ ಮೆಸ್ಕಾಂ. ಜನರೇಟರ್ ಆದರೆ ಜನರಿಂದ ದೂರ, ಗಾಳಿಗೆ ಹೊಗೆ ಜನರ ಕಡೆ ಬಾರದಂತೆ ಇಡಿ.

ಗೇಟಿನ ಹೊರಗೆ, ರಸ್ತೆ ಬದಿ. ಕಾಲೇಜಿನವರು ಒಳಗೆ ಬಿಡಲಿಲ್ಲ, ಸರಿ ಹೊರಗೇ ಮಾಡೋಣ ಎಂದು ಹಲವರು ಇಲ್ಲಿಗೆ ಬರುತ್ತಾರೆ. ಕಾಲೇಜಿನ ಅನುಮತಿ ಇಲ್ಲಿ ಬೇಡ, ನಿಜ. ಅದರ ಬದಲು ಮೂರು ವಿಷಯ ತಲೆಗೆ ಬರುತ್ತವೆ: ಸಂಚಾರ, ಪೊಲೀಸ್ ಅನುಮತಿ, ಶಬ್ದ. ಬಿ.ಎಂ. ರಸ್ತೆಯಂಥ ಕಡೆ ಕಾಲೇಜು ಬಿಡುವ ಹೊತ್ತಿಗೆ ಬಸ್ಸು, ಆಟೊ, ಬೈಕು ಒಟ್ಟಿಗೆ ನುಗ್ಗುತ್ತವೆ. 30 ಜನ ಅರ್ಧ ವೃತ್ತವಾಗಿ ನಿಂತರೂ ಫುಟ್‌ಪಾತು ಮುಗಿದು ಟಾರು ರಸ್ತೆಗೆ ಇಳಿಯುತ್ತಾರೆ. ಆಗ ದೂರು ಬರುವುದು ನಿಮ್ಮ ಮಾತಿನ ಮೇಲಲ್ಲ, ದಾರಿ ಅಡ್ಡಗಟ್ಟಿದ್ದಕ್ಕೆ. ಮೌನವಾಗಿ ಫಲಕ ಹಿಡಿದು ನಿಲ್ಲುವುದಕ್ಕೆ, ಕರಪತ್ರ ಹಂಚುವುದಕ್ಕೆ, ಸಹಿ ಸಂಗ್ರಹಕ್ಕೆ ಗೇಟಿನ ಹೊರಭಾಗ ಚೆನ್ನ. ಭಾಷಣಕ್ಕೆ ಖಂಡಿತ ಅಲ್ಲ.

ಊರಿನ ಸಾರ್ವಜನಿಕ ಜಾಗ. ಹಾಸನಾಂಬ ಕಲಾಕ್ಷೇತ್ರ, ಜಿಲ್ಲಾ ಕ್ರೀಡಾಂಗಣ, ಮಹಾರಾಜ ಪಾರ್ಕ್, ಪ್ರತಿಭಟನೆಯಾದರೆ ಹೇಮಾವತಿ ಪ್ರತಿಮೆಯ ಬಳಿ ಅಥವಾ ಜಿಲ್ಲಾಧಿಕಾರಿ ಕಚೇರಿಯ ಮುಂದೆ. ಚಿಕ್ಕಮಗಳೂರಿನಲ್ಲಿ ಕುವೆಂಪು ಕಲಾಮಂದಿರ ಮತ್ತು ಆಜಾದ್ ಪಾರ್ಕ್ ವೃತ್ತ. ನಿಮ್ಮ ಅಹವಾಲು ಸರ್ಕಾರಕ್ಕೆ ಮುಟ್ಟಬೇಕಾದದ್ದು, ಅಂದರೆ ವಿದ್ಯಾರ್ಥಿವೇತನ, ಬಸ್ ಪಾಸ್, ಹಾಸ್ಟೆಲ್ ಊಟ, ಅತಿಥಿ ಉಪನ್ಯಾಸಕರ ಸಂಬಳದಂಥದ್ದಾದರೆ ಕ್ಯಾಂಪಸ್ ಒಳಗೆ ಕೂಗಿ ಉಪಯೋಗವಿಲ್ಲ. ಮನವಿ ಪತ್ರ ತೆಗೆದುಕೊಳ್ಳುವ ಅಧಿಕಾರಿ ಇರುವ ಕಡೆಗೇ ಹೋಗಿ. ಎದುರಿಗೆ ಬಂದು ಮನವಿ ಸ್ವೀಕರಿಸುವವರೇ ಇಲ್ಲದ ಪ್ರತಿಭಟನೆ ಎರಡು ತಾಸಿಗೆ ಸುಸ್ತಾಗುತ್ತದೆ.

ಇವುಗಳಲ್ಲಿ ಆರಿಸಲು ನಮ್ಮ ಅಳತೆ ಸರಳ. 50 ಜನರೊಳಗೆ, ವಿಚಾರದ ಮಾತು: ಸೆಮಿನಾರ್ ಕೊಠಡಿ, ಮೈಕು ಬೇಡ. 50ರಿಂದ 300 ಜನ, ಹೊರಗಿನ ಭಾಷಣಕಾರರು: ಸಭಾಂಗಣ. ಅದಕ್ಕೂ ಹೆಚ್ಚು ಜನ ಅಥವಾ ಊರಿನವರೂ ಬರಬೇಕು: ಕಲಾಕ್ಷೇತ್ರದಂಥ ಊರಿನ ಸಭಾಂಗಣ. ಕ್ಯಾಂಪಸ್ ಬಯಲನ್ನು ಕ್ರೀಡೆ, ಸಾಂಸ್ಕೃತಿಕ ಹಬ್ಬ, ಮೇಳಗಳಿಗೆ ಬಿಟ್ಟುಬಿಡಿ.

ಮೈಕು ಬಂದರೆ ಲೆಕ್ಕ ಬದಲಾಗುತ್ತದೆ

ಗೇಟಿನ ಒಳಗೂ ಹೊರಗೂ ಒಂದೇ ರೀತಿ ಅನ್ವಯವಾಗುವ ನಿಯಮ ಇದೊಂದು. ಶಬ್ದ ಮಾಲಿನ್ಯ ನಿಯಮಗಳು 2000ರ ಪ್ರಕಾರ ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಬಳಸುವಂತಿಲ್ಲ. ಅನುಮತಿ ಕೊಡುವ ಅಧಿಕಾರಿ ಡಿವೈಎಸ್‌ಪಿ ದರ್ಜೆಗಿಂತ ಕೆಳಗಿನವರಾಗಿರಬಾರದು. ಹಾಗಾಗಿ ಪ್ರಾಂಶುಪಾಲರು ಬರೆದುಕೊಟ್ಟ ಪತ್ರ ಮೈಕಿನ ಅನುಮತಿ ಅಲ್ಲ, ಠಾಣೆಯ ಪೇದೆ ತಲೆಯಾಡಿಸಿದ್ದೂ ಅಲ್ಲ. ವಸತಿ ಪ್ರದೇಶಕ್ಕೆ ಶಬ್ದದ ಮಿತಿ ಹಗಲು 55 ಡೆಸಿಬೆಲ್, ರಾತ್ರಿ 45. ನಿಶ್ಶಬ್ದ ವಲಯಕ್ಕೆ ಹಗಲು 50, ರಾತ್ರಿ 40. ಆಸ್ಪತ್ರೆ, ಶಿಕ್ಷಣ ಸಂಸ್ಥೆ, ನ್ಯಾಯಾಲಯಗಳ ಸುತ್ತ 100 ಮೀಟರನ್ನು ನಿಶ್ಶಬ್ದ ವಲಯವೆಂದು ಸರ್ಕಾರ ಘೋಷಿಸಬಹುದು. ಅಂಥ ವಲಯದಲ್ಲಿ ಮೈಕು ಮಾತ್ರವಲ್ಲ, ತಮಟೆ ಬಡಿಯುವುದು, ಪಟಾಕಿ ಸಿಡಿಸುವುದು, ಜನರನ್ನು ಸೆಳೆಯುವ ಅಭಿನಯ, ಸಂಗೀತ ಎಲ್ಲಕ್ಕೂ ದಂಡನೆಯುಂಟು. ಬೀದಿ ನಾಟಕದ ತಂಡಗಳು ಈ ಕೊನೆಯ ಅಂಶವನ್ನು ಗಮನಿಸುವುದೇ ಇಲ್ಲ. ‘ನಾವು ಮೈಕು ಹಿಡಿದಿಲ್ಲವಲ್ಲ’ ಎಂದು ತಮಟೆ ಹಿಡಿದು ಆಸ್ಪತ್ರೆಯ ಪಕ್ಕ ನಿಂತರೆ ನಿಯಮ ಮುರಿದಂತೆಯೇ.

ಲೆಕ್ಕವನ್ನು ಒಮ್ಮೆ ನೋಡಿ. ಬಯಲಿನಲ್ಲಿ ದೂರ ಎರಡರಷ್ಟಾದಾಗಲೆಲ್ಲ ಶಬ್ದ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಸ್ಪೀಕರ್ ಪೆಟ್ಟಿಗೆಯಿಂದ 1 ಮೀಟರ್ ದೂರದಲ್ಲಿ 90 ಇದ್ದರೆ 32 ಮೀಟರ್ ಹೋಗುವಷ್ಟರಲ್ಲಿ ಸುಮಾರು 60. ಅಂದರೆ ತೀರಾ ಜೋರಲ್ಲದ ಮೈಕು ಕೂಡ 30 ಮೀಟರ್ ಆಚೆಯ ತರಗತಿಗೆ ವಸತಿ ಪ್ರದೇಶದ ಮಿತಿ ಮೀರಿ ತಲುಪುತ್ತದೆ. ಕಂಬಕ್ಕೆ ಕಟ್ಟುವ ಹಾರ್ನ್ ಸ್ಪೀಕರ್ ದನಿಯನ್ನು ದೂರಕ್ಕೆ ಎಸೆಯುವುದಕ್ಕೇ ಮಾಡಿದ್ದು, ಕ್ಯಾಂಪಸ್‌ಗೆ ಅದು ಬೇಡವೇ ಬೇಡ. ಎರಡು ಚಿಕ್ಕ ಪೆಟ್ಟಿಗೆಗಳನ್ನು ಕೇಳುವವರ ತಲೆಯಿಂದ ಸ್ವಲ್ಪ ಮೇಲೆ, ಅವರ ಕಡೆಗೇ ಬಗ್ಗಿಸಿ, ತರಗತಿ ಕಟ್ಟಡಕ್ಕೆ ಬೆನ್ನು ಮಾಡಿ ಇಡಿ. ನಿಮ್ಮ ಮಾತು ಅದನ್ನು ಬಯಸಿ ಬಂದವರಿಗೆ ಕೇಳಲಿ, ಪಾಠ ಕೇಳುವವರಿಗೆ ಅಡ್ಡಿಯಾಗದಿರಲಿ. ಇಷ್ಟು ಮಾಡಿದರೆ ಮುಂದಿನ ಸಲ ಅನುಮತಿ ಬೇಗ ಸಿಗುತ್ತದೆ.

50 ಜನರಿದ್ದರೆ ಮೈಕಿಲ್ಲದೆ ಮಾತಾಡುವುದೇ ಲೇಸು. ಭಾಷಣಕಾರರು ಗೋಡೆಗೆ ಬೆನ್ನು ಕೊಟ್ಟು ಎರಡು ಮೆಟ್ಟಿಲು ಮೇಲೆ ನಿಂತು, ಜನ ಮೂರು ಸಾಲಾಗಿ ಅರ್ಧ ವೃತ್ತದಲ್ಲಿ ಕೂತರೆ ಕೊನೆಯವರಿಗೂ ಕೇಳುತ್ತದೆ. ಮೈಕಿಗಾಗಿ ಪೊಲೀಸ್ ಅರ್ಜಿ ಹಾಕುವ ಓಡಾಟ ತಪ್ಪುತ್ತದೆ, ಇದು ಸಣ್ಣ ಲಾಭವಲ್ಲ.

ಅರ್ಜಿಯಲ್ಲಿ ಏನಿರಬೇಕು

ಕ್ಯಾಂಪಸ್ ಒಳಗಿನ ಕಾರ್ಯಕ್ರಮಕ್ಕೆ 10 ಕೆಲಸದ ದಿನ ಮೊದಲು, ಪೊಲೀಸ್ ಅನುಮತಿ ಬೇಕಾದದ್ದಕ್ಕೆ 15 ದಿನ ಮೊದಲು ಅರ್ಜಿ ಹಾಕಿ. ಇದು ನಿಯಮವಲ್ಲ, ಕಡತ ಓಡಾಡುವ ವೇಗದ ಲೆಕ್ಕ. ಒಂದೇ ಪುಟ ಸಾಕು: ಸಂಘಟಕರ ಹೆಸರು, ಇಬ್ಬರ ಫೋನ್ ನಂಬರ್, ದಿನಾಂಕ ಮತ್ತು ಬದಲಿ ದಿನಾಂಕ, ಶುರುವಾಗುವ ಮುಗಿಯುವ ಸಮಯ, ಜಾಗ, ನಿರೀಕ್ಷಿತ ಜನ, ಅವರಲ್ಲಿ ಹೊರಗಿನವರೆಷ್ಟು, ಭಾಷಣಕಾರರ ಹೆಸರು ಮತ್ತು ವಿಷಯ, ಮೈಕು ಇದೆಯೋ ಇಲ್ಲವೋ, ಹಣ ಸಂಗ್ರಹ ಇದೆಯೋ ಇಲ್ಲವೋ, ಸ್ವಯಂಸೇವಕರು ಎಷ್ಟು, ಕಸ ಯಾರು ತೆಗೆಯುತ್ತಾರೆ. 25 ಜನಕ್ಕೆ ಒಬ್ಬ ಸ್ವಯಂಸೇವಕ ಎಂದು ಬರೆದು, ಅಷ್ಟೇ ಜನರನ್ನು ನಿಜವಾಗಿ ನಿಲ್ಲಿಸಿ. ಹಣದ ವಿಷಯ ಬಿಟ್ಟು ಬರೆದು ಆಮೇಲೆ ಡಬ್ಬಿ ಇಟ್ಟರೆ, ಮಿಕ್ಕ ಸಾಲುಗಳೂ ಸುಳ್ಳೆಂದು ಆಡಳಿತ ನಂಬುತ್ತದೆ.

ಅರ್ಜಿ ಎರಡು ಪ್ರತಿ ಒಯ್ಯಿರಿ. ಟಪಾಲು ವಿಭಾಗದಲ್ಲಿ ಒಂದು ಕೊಟ್ಟು, ಇನ್ನೊಂದರ ಮೇಲೆ ಮೊಹರು, ದಿನಾಂಕ, ಆವಕ ಸಂಖ್ಯೆ ಹಾಕಿಸಿಕೊಳ್ಳಿ. ಸಾಹೇಬರ ಮೇಜಿನ ಮೇಲೆ ನೇರವಾಗಿ ಇಟ್ಟು ಬಂದ ಅರ್ಜಿಗೆ ಊರು ಕೇರಿ ಇಲ್ಲ. ನಿರಾಕರಿಸಿದರೆ ಹಿಂಬರಹ, ಅಂದರೆ ಲಿಖಿತ ಉತ್ತರ, ಕೇಳಿ. ‘ಆಗಲ್ಲ ಹೋಗಿ’ ಎನ್ನುವವರೂ ಬರವಣಿಗೆಯಲ್ಲಿ ಕಾರಣ ಕೊಡಬೇಕಾದಾಗ ಒಮ್ಮೆ ಯೋಚಿಸುತ್ತಾರೆ, ಸಮಯ ಬದಲಿಸಿ ಮಾಡಿ ಎಂಬಂಥ ನಡುದಾರಿ ಬಹುಪಾಲು ಅಲ್ಲಿ ಹುಟ್ಟುತ್ತದೆ. ಸಂಸ್ಥೆಯ ಒಳಗಿನ ಸುತ್ತೋಲೆ ತೋರಿಸದಿದ್ದರೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಶುಲ್ಕ ಕಟ್ಟಿ ಅದರ ಪ್ರತಿ ಕೇಳಬಹುದು. ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ವರ್ಷದ ಆರಂಭದಲ್ಲೇ ಈ ಕೆಲಸ ಮಾಡಿಟ್ಟುಕೊಂಡ ವಿದ್ಯಾರ್ಥಿ ಸಂಘಟನೆ ವರ್ಷವಿಡೀ ನೆಮ್ಮದಿಯಾಗಿರುತ್ತದೆ.

ಪೊಲೀಸ್ ಅನುಮತಿಗೆ ಸೇವಾ ಸಿಂಧು ತಾಣದಲ್ಲಿ ಶಾಂತಿಯುತ ಸಭೆ, ಮೆರವಣಿಗೆ ಮತ್ತು ಧ್ವನಿವರ್ಧಕಕ್ಕೆ ಬೇರೆ ಬೇರೆ ಸೇವೆಗಳಿವೆ. ಮೆರವಣಿಗೆಯೂ ಇದೆ, ಮೈಕೂ ಇದೆ ಎಂದರೆ ಎರಡು ಅರ್ಜಿ. ಒಂದನ್ನು ಹಾಕಿ ಎರಡೂ ಆಯಿತೆಂದುಕೊಳ್ಳುವವರು ಬಹಳ. ಜಾಗದ ಒಡೆಯರ ಒಪ್ಪಿಗೆ ಪತ್ರವನ್ನು ಜೊತೆಗೆ ಇಟ್ಟರೆ ಠಾಣೆಯಿಂದ ವಾಪಸ್ ಬರುವುದಿಲ್ಲ. ಆದ್ದರಿಂದ ಕ್ರಮ ಯಾವಾಗಲೂ ಮೊದಲು ಜಾಗ, ಆಮೇಲೆ ಪೊಲೀಸ್.

ಮೆರವಣಿಗೆಯಾದರೆ ದಾರಿಯನ್ನು ವೃತ್ತಗಳ ಹೆಸರು ಹಿಡಿದು ಬರೆಯಿರಿ. ‘ಎನ್.ಆರ್. ವೃತ್ತದಿಂದ ಹೊರಟು ಡಿಸಿ ಕಚೇರಿವರೆಗೆ, ರಸ್ತೆಯ ಎಡಬದಿ, ನಾಲ್ಕು ಜನರ ಸಾಲು’ ಎಂದರೆ ಸಂಚಾರ ಪೊಲೀಸರಿಗೆ ಕೆಲಸ ಗೊತ್ತಾಗುತ್ತದೆ. 200 ಜನ ನಾಲ್ಕರ ಸಾಲಿನಲ್ಲಿ, ಸಾಲಿಗೆ ಒಂದೂವರೆ ಮೀಟರ್ ಬಿಟ್ಟು ನಡೆದರೆ 75 ಮೀಟರ್ ಉದ್ದ. ಒಂದು ವೃತ್ತ ದಾಟಲು ಎರಡು ನಿಮಿಷ ಸಾಕು. ಇಬ್ಬರ ಸಾಲಾದರೆ ಅದು ಎರಡರಷ್ಟು. ರಸ್ತೆಯಲ್ಲೇ ಕೂತು ಅನಿರ್ದಿಷ್ಟ ಕಾಲ ತಡೆಯುವುದನ್ನು ಸುಪ್ರೀಂ ಕೋರ್ಟ್ 2020ರಲ್ಲಿ ಒಪ್ಪಿಲ್ಲ.

ಹಣ ಕೇಳುವುದು, ಮಾರುವುದು, ಸಹಿ ಪಡೆಯುವುದು

ಮೂರೂ ಒಂದೇ ಮೇಜಿನ ಮೇಲೆ ನಡೆಯುವಂತೆ ಕಂಡರೂ ಮೂರಕ್ಕೂ ಬೇರೆ ಬೇರೆ ಎಚ್ಚರ ಬೇಕು.

ಚಂದಾ ಎತ್ತುವುದಕ್ಕೆ ತರಗತಿಯಿಂದ ತರಗತಿಗೆ ಹೋಗುವ ರೂಢಿಯಿದೆ. ಮಾತಾಡಲು ತರಗತಿಗೆ ಹೋಗಿ, ಹಣಕ್ಕೆ ಹೋಗಬೇಡಿ. ಮೇಷ್ಟ್ರು ನೋಡುತ್ತಿರುವಾಗ, ಗೆಳೆಯರ ಮುಂದೆ ಡಬ್ಬಿ ಬಂದರೆ ಕೊಡಲಾಗದ ಹುಡುಗ ಹುಡುಗಿಯರಿಗೆ ಅದು ಅವಮಾನ. ಆ ಹಣಕ್ಕೆ ದಾನವೆಂಬ ಹೆಸರು ಒಪ್ಪುವುದಿಲ್ಲ. ಅಧ್ಯಾಪಕರ ಒಪ್ಪಿಗೆ ಪಡೆದು ಮೂರು ನಿಮಿಷ ವಿಷಯ ಹೇಳಿ, ಡಬ್ಬಿ ಕ್ಯಾಂಟೀನ್ ಬಳಿ ಇದೆ ಎಂದು ತಿಳಿಸಿ ಹೊರಬನ್ನಿ. ಸರ್ಕಾರಿ ಅಧ್ಯಾಪಕರೇ ಹಣ ಸಂಗ್ರಹಕ್ಕೆ ಇಳಿಯುವುದಾದರೆ ಅವರ ಸೇವಾ ನಡತೆ ನಿಯಮಗಳ ಪ್ರಕಾರ ಪೂರ್ವಾನುಮತಿ ಬೇಕು, ಅವರನ್ನು ಆ ಇಕ್ಕಟ್ಟಿಗೆ ಸಿಕ್ಕಿಸಬೇಡಿ.

ಡಬ್ಬಿಗೆ ಬೀಗ, ಬೀಗದ ಮೇಲೆ ಇಬ್ಬರು ಸಹಿ ಮಾಡಿದ ಕಾಗದದ ಮೊಹರು, 100 ಹಾಳೆಯ ಕ್ರಮಸಂಖ್ಯೆಯಿರುವ ರಸೀದಿ ಪುಸ್ತಕ, ದಿನದ ಕೊನೆಗೆ ಮೂವರು ಕೂತು ಎಣಿಕೆ. ಎಣಿಸಿದ ಮೊತ್ತವನ್ನು ಅದೇ ಸಂಜೆ ಮೇಜಿನ ಮೇಲೆ ಬರೆದು ಅಂಟಿಸಿ. ಯುಪಿಐ ಕೋಡ್ ಇಟ್ಟರೆ ಅದು ಸಂಘದ ಖಾತೆಯದ್ದಾಗಿರಲಿ. ಹಣ ಹಾಕುವಾಗ ಪರದೆಯ ಮೇಲೆ ಬರುವ ಹೆಸರೇನೆಂದು ದೊಡ್ಡ ಅಕ್ಷರದಲ್ಲಿ ಪಕ್ಕ ಬರೆಯಿರಿ. ಯಾರಾದರೂ ಬೇರೆ ಕೋಡ್ ಅಂಟಿಸಿ ಹೋಗುವುದುಂಟು, ಎರಡು ತಾಸಿಗೊಮ್ಮೆ ಒಂದು ರೂಪಾಯಿ ಹಾಕಿ ಪರೀಕ್ಷಿಸಿ. ಯಾರದೋ ಚಿಕಿತ್ಸೆಗೆಂದು ಸಂಗ್ರಹಿಸುವುದಾದರೆ ಹಣ ನೇರ ಆಸ್ಪತ್ರೆಯ ಖಾತೆಗೆ ಹೋಗುವಂತೆ ಮಾಡುವುದೇ ಸರಿ. ನಗದಾಗಿ 2,000 ರೂಪಾಯಿ ಮೀರಿದ ದಾನಕ್ಕೆ ಆದಾಯ ತೆರಿಗೆಯಲ್ಲಿ ರಿಯಾಯಿತಿ ಸಿಗುವುದಿಲ್ಲ. ದೊಡ್ಡ ಮೊತ್ತ ಕೊಡುವ ಹಳೆಯ ವಿದ್ಯಾರ್ಥಿಗಳಿಗೆ ಇದನ್ನು ಮೊದಲೇ ಹೇಳಿ.

ಮಾರಾಟದ ಸ್ಟಾಲಿಗೆ ಬಾಡಿಗೆ ಇರುತ್ತದೆ. ಅದನ್ನು ಸಂಸ್ಥೆಯ ಖಾತೆಗೇ ಕಟ್ಟಿ ರಸೀದಿ ಪಡೆಯಿರಿ, ಯಾರ ಕೈಗೂ ನಗದು ಕೊಡಬೇಡಿ. ಪುಸ್ತಕ, ಖಾದಿ, ಕಾಫಿಪುಡಿ ಮಾರುವವರಿಗೂ ಕೋಚಿಂಗ್ ಸೆಂಟರು, ಬ್ಯಾಂಕು, ಸಿಮ್ ಕಾರ್ಡಿನ ಮೇಜಿಗೂ ವ್ಯತ್ಯಾಸವಿದೆ. ಮೊದಲಿನವರು ವಸ್ತು ಮಾರುತ್ತಾರೆ, ಎರಡನೆಯವರಿಗೆ ಬೇಕಾದದ್ದು ವಿದ್ಯಾರ್ಥಿಯ ಫೋನ್ ನಂಬರ್. ಆಡಳಿತದವರು ಅನುಮತಿ ಪತ್ರದಲ್ಲೇ ‘ಆಧಾರ್ ಪ್ರತಿ ಪಡೆಯಬಾರದು, ನಂಬರನ್ನು ಬೇರೆಯವರಿಗೆ ಕೊಡಬಾರದು’ ಎಂದು ಬರೆಯುವುದು ಒಳಿತು. ಬ್ಯಾಂಕ್ ಖಾತೆ, ಸಿಮ್‌ಗೆ ಗುರುತಿನ ದಾಖಲೆ ಬೇಕೇ ಬೇಕಾದ್ದರಿಂದ ಅವರನ್ನು ಶಾಖೆಗೆ, ಅಂಗಡಿಗೆ ಕರೆಯಲು ಹೇಳಿ, ಕ್ಯಾಂಪಸ್‌ನಲ್ಲಿ ಮಾಹಿತಿ ಮಾತ್ರ ಕೊಡಲಿ. ಗೇಟಿನ ಹೊರಗಿನ ತಳ್ಳುಗಾಡಿಯವರ ವಿಷಯ ಕಾಲೇಜಿನದ್ದಲ್ಲ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಅವರ ರಕ್ಷಣೆಗಿದೆ, ಪಟ್ಟಣ ವ್ಯಾಪಾರ ಸಮಿತಿ ಅದಕ್ಕಿದೆ. ಆದರೆ ಶಿಕ್ಷಣ ಸಂಸ್ಥೆಯಿಂದ 100 ಮೀಟರಿನೊಳಗೆ ಬೀಡಿ, ಸಿಗರೇಟು, ತಂಬಾಕು ಮಾರುವಂತಿಲ್ಲ.

ಸಹಿ ಸಂಗ್ರಹ ಎಲ್ಲಕ್ಕಿಂತ ಹಗುರ, ಎಲ್ಲಿಯಾದರೂ ಆಗುತ್ತದೆ. ಹೆಸರು, ಊರು, ಸಹಿ ಇಷ್ಟೇ ಕೇಳಿ. ಪ್ರತಿ ಹಾಳೆಯ ಮೇಲೂ ಬೇಡಿಕೆಯನ್ನು ಪೂರ್ತಿ ಅಚ್ಚು ಮಾಡಿಸಿ. ಖಾಲಿ ಹಾಳೆಯ ಮೇಲೆ ಪಡೆದ ಸಹಿಗೆ ಬೆಲೆ ಇಲ್ಲ, ಸಹಿ ಹಾಕಿದವರಿಗೂ ಅದು ಅಪಾಯ.

ಕರಪತ್ರದ ಕೆಳಗೆ ಸಂಘಟಕರ ಹೆಸರು, ಮುದ್ರಕರ ಹೆಸರು ಇರಲಿ. ಚುನಾವಣೆಗೆ ಸಂಬಂಧಿಸಿದ್ದಾದರೆ ಅದು ಕಡ್ಡಾಯ. ಗೋಡೆಗೆ ಮೈದಾ ಅಂಟು ಹಚ್ಚಿ ಪೋಸ್ಟರ್ ಹಾಕುವುದಕ್ಕೆ 1981ರ ಬಯಲು ಸ್ಥಳಗಳ ವಿರೂಪ ತಡೆ ಕಾಯ್ದೆಯಲ್ಲಿ 6 ತಿಂಗಳವರೆಗೆ ಸಜೆ ಅಥವಾ 1,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಇದೆ. ಪ್ಲಾಸ್ಟಿಕ್ ಫ್ಲೆಕ್ಸನ್ನು ರಾಜ್ಯ ಸರ್ಕಾರ 2016ರಲ್ಲೇ ನಿಷೇಧಿಸಿದೆ. ಬಟ್ಟೆಯ ಬ್ಯಾನರ್ ಬರೆಸಿ, ಎರಡು ಬಡಿಗೆಗೆ ಕಟ್ಟಿ, ಕಾರ್ಯಕ್ರಮ ಮುಗಿದ ಮೇಲೆ ಮಡಿಸಿ ಮನೆಗೆ ಒಯ್ಯಿರಿ. ತಾರೀಖನ್ನು ಬೇರೆ ತುಂಡಿನಲ್ಲಿ ಬರೆಸಿ ಪಿನ್ನು ಚುಚ್ಚಿದರೆ ಅದೇ ಬ್ಯಾನರ್ ಮೂರು ವರ್ಷ ಬಾಳುತ್ತದೆ. ವಿದ್ಯಾರ್ಥಿ ಪ್ರತಿನಿಧಿಗಳ ಚುನಾವಣೆ ನಡೆಸುವ ಕಡೆ ಲಿಂಗ್ಡೊ ಸಮಿತಿಯ ಶಿಫಾರಸು ಅನ್ವಯ: ಅಚ್ಚಿನ ಪೋಸ್ಟರ್ ಬೇಡ, ಕೈಬರಹ ಮಾತ್ರ, ಅಭ್ಯರ್ಥಿಗೆ 5,000 ರೂಪಾಯಿ ಮಿತಿ, ಪ್ರಚಾರಕ್ಕೆ ಮೈಕು ಬೇಡ, ವಾಹನ ಬೇಡ.

ದಿನ ಆರಿಸುವಾಗ

ಕಮಿಷನರೇಟ್ ಇಲ್ಲದ ಹಾಸನ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ನಿಷೇಧಾಜ್ಞೆ ಬರುವುದು ಜಿಲ್ಲಾಧಿಕಾರಿ, ಉಪವಿಭಾಗಾಧಿಕಾರಿಯಂಥ ದಂಡಾಧಿಕಾರಿಗಳಿಂದ. ಜನ ಇನ್ನೂ ‘144’ ಎನ್ನುತ್ತಾರೆ, 2024ರ ಜುಲೈ 1ರಿಂದ ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಕಲಂ. ಇಂಥ ಆಜ್ಞೆ ಸಾಮಾನ್ಯವಾಗಿ ಎರಡು ತಿಂಗಳಿಗಿಂತ ಹೆಚ್ಚು ಇರುವಂತಿಲ್ಲ. ಅದು ಜಾರಿಯಾದ ಕೂಡಲೇ ನಿಮ್ಮ ಹಳೆಯ ಅನುಮತಿ ಕೈಯಲ್ಲಿದ್ದರೂ ಸಭೆ ನಡೆಸುವಂತಿಲ್ಲ. ಆಜ್ಞೆ ಮೀರಿದರೆ ಭಾರತೀಯ ನ್ಯಾಯ ಸಂಹಿತೆಯ 223ನೇ ಕಲಂ, ಚದುರಲು ಹೇಳಿದ ಮೇಲೂ ಐದು ಅಥವಾ ಹೆಚ್ಚು ಜನ ಉಳಿದರೆ 189ನೇ ಕಲಂ ಬೀಳಬಹುದು. ಉದ್ಯೋಗ ಹುಡುಕುವ ವಯಸ್ಸಿನ ವಿದ್ಯಾರ್ಥಿಯ ಮೇಲೆ ಒಂದು ಪ್ರಕರಣ ಎಂದರೆ ಪೊಲೀಸ್ ಪರಿಶೀಲನೆಯಲ್ಲಿ ವರ್ಷಗಟ್ಟಲೆ ಉತ್ತರ ಹೇಳಬೇಕಾದ ಪಾಡು. ಆದ್ದರಿಂದ ಹಿಂದಿನ ಸಂಜೆ ಠಾಣೆಗೆ ಒಂದು ಫೋನ್ ಮಾಡಿ ಕೇಳಿ.

ಎಸ್ಸೆಸ್ಸೆಲ್ಸಿ, ಪಿಯುಸಿ ಪರೀಕ್ಷೆಯ ದಿನಗಳಲ್ಲಿ ಪರೀಕ್ಷಾ ಕೇಂದ್ರಗಳ ಸುತ್ತ, ಸಾಮಾನ್ಯವಾಗಿ 200 ಮೀಟರ್, ನಿಷೇಧಾಜ್ಞೆ ಇರುತ್ತದೆ. ನಿಮ್ಮ ಕಾಲೇಜಿನಲ್ಲಿ ಪರೀಕ್ಷೆ ಇಲ್ಲದಿದ್ದರೂ ಪಕ್ಕದ ಶಾಲೆಯಲ್ಲಿ ಇರಬಹುದು. ಹಾಸನಾಂಬೆಯ ಬಾಗಿಲು ತೆಗೆಯುವ ಆಶ್ವಯುಜದ ದಿನಗಳಲ್ಲಿ, ದೀಪಾವಳಿ ಮುಗಿಯುವವರೆಗೆ, ಊರಿನ ಪೊಲೀಸರೆಲ್ಲ ಬಂದೋಬಸ್ತ್‌ನಲ್ಲಿರುತ್ತಾರೆ. ಆಗ ಮೆರವಣಿಗೆಗೆ ಅನುಮತಿ ಕೇಳಿದರೆ ಸಿಬ್ಬಂದಿ ಇಲ್ಲ ಎಂಬ ಉತ್ತರ ಬರುತ್ತದೆ, ಅದು ನೆಪವಲ್ಲ. ಚಿಕ್ಕಮಗಳೂರಿನಲ್ಲಿ ದತ್ತ ಜಯಂತಿಯ ಡಿಸೆಂಬರ್ ದಿನಗಳು ಹಾಗೆಯೇ. ವಿಧಾನ ಪರಿಷತ್ತಿನ ದಕ್ಷಿಣ ಶಿಕ್ಷಕರ ಕ್ಷೇತ್ರಕ್ಕೆ ಹಾಸನವೂ ಸೇರುತ್ತದೆ. ಆ ಚುನಾವಣೆಯ ನೀತಿಸಂಹಿತೆ ಬಂದಾಗ ಅಧ್ಯಾಪಕರೇ ಮತದಾರರಾದ್ದರಿಂದ, ಕಾಲೇಜಿನಲ್ಲಿ ಸನ್ಮಾನ, ಉಪನ್ಯಾಸದ ಹೆಸರಿನ ಕಾರ್ಯಕ್ರಮಗಳಿಗೂ ಪ್ರಾಂಶುಪಾಲರು ಹಿಂಜರಿಯುತ್ತಾರೆ.

ಎರಡು ತಪ್ಪು ತಿಳಿವಳಿಕೆ ತಿದ್ದಿಕೊಳ್ಳಬೇಕು. ಪ್ರತಿಭಟನೆಗೆ ಒಂದೇ ಜಾಗ ಗೊತ್ತು ಮಾಡಿದ 2021ರ ಆದೇಶ ಬೆಂಗಳೂರು ನಗರಕ್ಕೆ ಮಾತ್ರ, ಹಾಸನದಲ್ಲಿ ಅದನ್ನು ತೋರಿಸಿ ತಡೆಯುವಂತಿಲ್ಲ. ಇನ್ನು, ಸರ್ಕಾರಿ ಜಾಗದಲ್ಲಿ ಖಾಸಗಿ ಸಂಘಟನೆಗಳು ಅನುಮತಿ ಇಲ್ಲದೆ ಸೇರಬಾರದೆಂದು 2025ರ ಅಕ್ಟೋಬರ್‌ನಲ್ಲಿ ರಾಜ್ಯ ಸರ್ಕಾರ ಹೊರಡಿಸಿದ ಆದೇಶಕ್ಕೆ ಅದೇ ತಿಂಗಳು ಹೈಕೋರ್ಟಿನ ಧಾರವಾಡ ಪೀಠ ಮಧ್ಯಂತರ ತಡೆ ಕೊಟ್ಟಿತು. ಆ ತಡೆಯನ್ನು ಹಿಡಿದು ಕಾಲೇಜಿನ ಒಳಗೆ ಯಾರನ್ನೂ ಕೇಳದೆ ಸೇರಬಹುದು ಎಂದುಕೊಳ್ಳಬೇಡಿ. ಪ್ರಾಂಶುಪಾಲರ, ಕುಲಸಚಿವರ ಒಪ್ಪಿಗೆಯ ಮಾತು ಆ ಆದೇಶದಿಂದ ಹುಟ್ಟಿದ್ದಲ್ಲ, ಅದಕ್ಕಿಂತ ಹಳೆಯದು.

ಕಾರ್ಯಕ್ರಮದ ದಿನ ಅನುಮತಿ ಪತ್ರದ ಮೂರು ಪ್ರತಿ ಇರಲಿ: ಒಂದು ಗೇಟಿನ ಸೆಕ್ಯುರಿಟಿಗೆ, ಒಂದು ವೇದಿಕೆಯ ಹತ್ತಿರ, ಒಂದು ಠಾಣೆಯೊಂದಿಗೆ ಮಾತಾಡುವವರ ಜೇಬಿನಲ್ಲಿ. ಪೊಲೀಸರು ಬಂದರೆ ಮಾತಾಡುವವರು ಒಬ್ಬರೇ ಆಗಿರಲಿ. ಭಾಷಣಕಾರರು ಬದಲಾದರೆ ಹಿಂದಿನ ದಿನವೇ ಬರೆದು ತಿಳಿಸಿ. ವಿರೋಧಿಸಲು ಬಂದವರಿದ್ದರೆ ಅವರನ್ನು ತಳ್ಳದೆ, ಕೊನೆಯ 20 ನಿಮಿಷ ಪ್ರಶ್ನೆಗಳಿಗೆ ಇದೆ ಎಂದು ಆರಂಭದಲ್ಲೇ ಹೇಳಿ, ಆ 20 ನಿಮಿಷವನ್ನು ಕೊಟ್ಟೇ ಕೊಡಿ. ಹೇಳಿದ ಸಮಯಕ್ಕಿಂತ 10 ನಿಮಿಷ ಮೊದಲು ಮೈಕು ಆರಿಸಿ, ಕಸ ತೆಗೆದು, ಕುರ್ಚಿ ಎಣಿಸಿ ಒಪ್ಪಿಸಿ, ಒಪ್ಪಿಸಿದ್ದಕ್ಕೆ ಕಾವಲುಗಾರರ ಸಹಿ ಪಡೆದು ಅನುಮತಿ ಪತ್ರದ ಜೊತೆ ಕಡತದಲ್ಲಿಡಿ. ಮುಂದಿನ ಅರ್ಜಿಗೆ ಲಗತ್ತಿಸಬೇಕಾದ ಮೊದಲ ಕಾಗದ ಅದೇ.